ದಾರದ ರೀಲು, ನಾಲ್ಕು ಮೊಳೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಬೇಸಿಗೆ ರಜೆಯ ಕೈಕೆಲಸಗಳ ಬಗ್ಗೆ ಬರೆಯುತ್ತ, ಖಾಲಿಯಾದ ಮರದ ದಾರದ ರೀಲಿನ ತಲೆಗೆ ನಾಲ್ಕು ಸಣ್ಣ ಮೊಳೆ ಹೊಡೆದು ಉಲ್ಲನ್ ದಾರದಿಂದ ಲಾಡಿ ಹೆಣೆಯುತ್ತಿದ್ದ ನಮ್ಮ ಬಾಲ್ಯದ ಆಟವನ್ನು ಎರಡೇ ವಾಕ್ಯಗಳಲ್ಲಿ ನೆನಪಿಸಿಕೊಂಡಿದ್ದೆ. ವೈರ್ ಬ್ಯಾಗ್ ಹೆಣೆಯುವ ಬಗ್ಗೆ ಶ್ರಮಪಟ್ಟು ಬರೆದ ಒಂದು ಪುಟಕ್ಕೆ ಒಂದು ಪತ್ರವೂ ಬರಲಿಲ್ಲ. ಆ ಎರಡು ವಾಕ್ಯಗಳಿಗೆ ಮಾತ್ರ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ನಾನಾ ಊರುಗಳಿಂದ ಪತ್ರಗಳು ಬಂದಿವೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ರೀಲಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ತಾಯಿಯವರು ತೀರಿಕೊಂಡ ಮೇಲೆ ಅಟ್ಟದಲ್ಲಿದ್ದ ಟ್ರಂಕನ್ನು ಇಳಿಸಿ ನೋಡಿದಾಗ, ನಾಲ್ಕು ಮೊಳೆ ಹೊಡೆದ ಮರದ ರೀಲೊಂದು ಸಿಕ್ಕಿತು. ಅದರ ಕೆಳಗಿನ ತೂತಿನಿಂದ ಕೆಂಪು ಉಲ್ಲನ್ನಿನ ಒಂದು ಗೇಣು ಲಾಡಿ ಇನ್ನೂ ನೇತಾಡುತ್ತಿದೆ. ಅದನ್ನು ಹೆಣೆಯುತ್ತಿದ್ದವಳು ನಾನೇ. ಆಗ ನಾಲ್ಕನೆಯ ತರಗತಿಯಲ್ಲಿದ್ದೆ. ಹೆಣೆದದ್ದು ನೆನಪಿದೆ, ಹೆಣೆಯುವುದು ಹೇಗೆಂಬುದು ಮರೆತುಹೋಗಿದೆ. ಇದಕ್ಕೆ ಏನೆಂದು ಹೆಸರು? ಅದೇ ಲಾಡಿಯನ್ನು ಈಗ ಮುಂದುವರಿಸಬಹುದೇ, ಮೇಡಂ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮೂರು ಕೋಲಾರ ಜಿಲ್ಲೆಯಲ್ಲಿದ್ದಾಗ ಆರಂಭವಾದ ಲಾಡಿ, 2007ರಲ್ಲಿ ಚಿಕ್ಕಬಳ್ಳಾಪುರವೇ ಒಂದು ಜಿಲ್ಲೆಯಾದ ಮೇಲೂ ಮುಗಿಯದೆ ಕಾದಿದೆ ಎಂದಾಯಿತು.

ಮೊದಲು ಹೆಸರಿನ ವಿಷಯ. ನಮ್ಮ ಬೀದಿಯಲ್ಲಿ ಇದನ್ನು ‘ರೀಲು ಲಾಡಿ’ ಎನ್ನುತ್ತಿದ್ದೆವು. ಬೇರೆ ಊರಿನವರು ಬೇರೆ ಏನಾದರೂ ಅಂದಿರಬಹುದು. ಇಂಗ್ಲಿಷಿನಲ್ಲಿ ಸ್ಪೂಲ್ ನಿಟಿಂಗ್ ಎಂಬ ಹೆಸರಿದೆ, ಫ್ರೆಂಚ್ ನಿಟಿಂಗ್ ಎಂದೂ ಕರೆಯುತ್ತಾರೆ. ಫ್ರೆಂಚರು ಮಾತ್ರ ಇದನ್ನು ತಮ್ಮ ದೇಶದ ಹೆಸರಿನಿಂದ ಕರೆಯದೆ ‘ತ್ರಿಕೊತಾಂ’ ಎನ್ನುತ್ತಾರೆ. ಜರ್ಮನರ ‘ಸ್ಟ್ರಿಕ್‌ಲೀಸೆಲ್’ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಹೆಸರು. ಲೀಸೆಲ್ ಎಂಬುದು ಹುಡುಗಿಯರನ್ನು ಮುದ್ದಿನಿಂದ ಕರೆಯುವ ಹೆಸರು, ಸ್ಟ್ರಿಕ್ ಎಂದರೆ ಹೆಣಿಗೆ. ಅಲ್ಲಿ ಈ ರೀಲನ್ನು ಕಣ್ಣು, ಬಾಯಿ, ಲಂಗಗಳಿರುವ ಮರದ ಗೊಂಬೆಯಾಗಿ ಕಡೆದು ಬಣ್ಣ ಹಚ್ಚಿ ಮಾರುತ್ತಾರೆ, ಗೊಂಬೆಯ ತಲೆಯ ಮೇಲೆ ಮೊಳೆಗಳು ಕಿರೀಟದಂತೆ ನಿಂತಿರುತ್ತವೆ.

ಈಗ ಕೆಲಸದ ಕ್ರಮವನ್ನು ಹೇಳುತ್ತೇನೆ. ಹಳೆಯದನ್ನು ಮುಟ್ಟುವ ಮೊದಲು ಬೇರೊಂದು ರೀಲಿನಲ್ಲಿ ಹೊಸದಾಗಿ ಆರಂಭಿಸಿ ಕೈಯನ್ನು ಪಳಗಿಸಿಕೊಳ್ಳುವುದು ಒಳ್ಳೆಯದು. ರೀಲನ್ನು ಎಡಗೈಯಲ್ಲಿ ಹಿಡಿದು, ದಾರದ ತುದಿಯನ್ನು ಮೇಲಿನಿಂದ ತೂತಿನೊಳಕ್ಕೆ ಇಳಿಸಿ, ಕೆಳಗೆ ನಾಲ್ಕೈದು ಇಂಚು ಇಣುಕುವಂತೆ ಬಿಡಿ. ಆ ಬಾಲವನ್ನು ಎಡಗೈಯ ಕಿರುಬೆರಳಿನಿಂದ ಒತ್ತಿಕೊಂಡಿರಿ. ಮೇಲಿನ ದಾರವು ತೂತಿನ ಕಡೆಯಿಂದ ಹೊರಟು, ಮೊದಲ ಮೊಳೆಯನ್ನು ಹೊರಗಿನಿಂದ ಬಳಸಿ, ಮತ್ತೆ ಒಳಗೆ ಬಂದು, ಪಕ್ಕದ ಮೊಳೆಗೆ ಹೋಗಬೇಕು. ಹೀಗೆ ನಾಲ್ಕೂ ಮೊಳೆಗಳಿಗೆ ಒಂದೊಂದು ಕುಣಿಕೆ ಬಿದ್ದರೆ ಅಡಿಪಾಯವಾದಂತೆ. ಅನಂತರ ದಾರವನ್ನು ಮೊದಲ ಮೊಳೆಯ ಹೊರಮೈಗೆ, ಅಲ್ಲಿರುವ ಕುಣಿಕೆಗಿಂತ ಒಂದು ಕೂದಲೆಳೆಯಷ್ಟು ಮೇಲೆ, ಅಡ್ಡಲಾಗಿ ಒರಗಿಸಿ. ಮೊಂಡು ದಬ್ಬಣದ ತುದಿಯಿಂದ ಕೆಳಗಿನ ಕುಣಿಕೆಯನ್ನು ಎತ್ತಿ, ಈ ಹೊಸ ದಾರವನ್ನೂ ಮೊಳೆಯ ತಲೆಯನ್ನೂ ದಾಟಿಸಿ, ಒಳಗಡೆ ತೂತಿನತ್ತ ಬೀಳಿಸಿ. ಹಳೆಯ ಕುಣಿಕೆ ಕೆಳಗಿಳಿದು ಹೊಸ ದಾರವೇ ಕುಣಿಕೆಯಾಗಿ ಮೊಳೆಯಲ್ಲಿ ಉಳಿಯುತ್ತದೆ. ಮುಂದಿನ ಮೊಳೆಗೂ ಹೀಗೆಯೇ, ಸದಾ ಒಂದೇ ದಿಕ್ಕಿನಲ್ಲಿ. ಎರಡು ಮೂರು ಸುತ್ತಿಗೊಮ್ಮೆ ಕೆಳಗಿನ ಬಾಲವನ್ನು ಮೆಲ್ಲನೆ ಜಗ್ಗಬೇಕು, ಇಲ್ಲವಾದರೆ ಹೆಣಿಗೆ ತೂತಿನ ಬಾಯಲ್ಲೇ ಗಂಟುಕಟ್ಟಿಕೊಂಡು ಕೂರುತ್ತದೆ.

ಇಷ್ಟೇ ಕೆಲಸ, ಬೇರೆ ಗುಟ್ಟು ಇಲ್ಲ. ಲಾಡಿ ರೀಲಿನ ಅಡಿಯಿಂದ ಮುಖ ತೋರಿಸುವವರೆಗಿನ ಮೊದಲ ಹತ್ತು ಹದಿನೈದು ನಿಮಿಷಗಳು ಮಾತ್ರ ಸ್ವಲ್ಪ ಬೇಸರ ತರಿಸುತ್ತವೆ, ಏಕೆಂದರೆ ಮಾಡಿದ ಕೆಲಸವೆಲ್ಲ ಮರದ ಹೊಟ್ಟೆಯಲ್ಲಿ ಅಡಗಿರುತ್ತದೆ. ಒಮ್ಮೆ ಕೆಳಗಿನಿಂದ ಅದು ಇಣುಕಿದ ಮೇಲೆ ಮಕ್ಕಳು ರೀಲನ್ನು ಕೆಳಗಿಡುವುದಿಲ್ಲ, ಊಟಕ್ಕೆ ಕರೆದರೂ ‘ಇನ್ನೊಂದು ಸುತ್ತು’ ಎನ್ನುತ್ತಾರೆ.

ನಿಮ್ಮ ಹಳೆಯ ಲಾಡಿಯ ಮಾತಿಗೆ ಬರೋಣ. ಮೊಳೆಗಳಲ್ಲಿ ಕುಣಿಕೆಗಳು ಹಾಗೆಯೇ ಇದ್ದರೆ ಮುಂದುವರಿಸಲು ಏನೂ ಅಡ್ಡಿಯಿಲ್ಲ. ಆದರೆ ಎರಡು ಸಂಗತಿಗಳನ್ನು ಪರೀಕ್ಷಿಸಿ. ಮೊಳೆಗೆ ತುಕ್ಕು ಹಿಡಿದಿದ್ದರೆ ಅದು ಕುಣಿಕೆಗೆ ಅಂಟಿಕೊಂಡಿರುತ್ತದೆ, ಎತ್ತುವಾಗ ದಾರ ಹರಿಯುತ್ತದೆ. ಅಂಥ ಪಕ್ಷದಲ್ಲಿ ನಾಲ್ಕೂ ಕುಣಿಕೆಗಳಿಗೆ ಒಂದು ತೆಳ್ಳನೆಯ ಹತ್ತಿ ದಾರವನ್ನು ಸೂಜಿಯಿಂದ ಪೋಣಿಸಿಕೊಂಡು, ಅವುಗಳನ್ನು ಮೊಳೆಯಿಂದ ಬಿಡಿಸಿ, ಮೊಳೆಗಳನ್ನು ಮರಳು ಕಾಗದದಿಂದ ಉಜ್ಜಿ, ಮತ್ತೆ ಕುಣಿಕೆಗಳನ್ನು ಅದೇ ಕ್ರಮದಲ್ಲಿ ಏರಿಸಿ. ಎರಡನೆಯದು ನುಸಿ. ಅಸಲು ಉಣ್ಣೆಯಾಗಿದ್ದರೆ ಟ್ರಂಕಿನಲ್ಲಿ ಅದನ್ನು ಹುಳು ತಿಂದಿರುವ ಸಾಧ್ಯತೆಯಿದೆ. ಬಾಲವನ್ನು ಮೆಲ್ಲಗೆ ಎಳೆದು ನೋಡಿದರೆ ತಿಳಿಯುತ್ತದೆ. ಹೊಸ ದಾರವನ್ನು ಹಳೆಯದಕ್ಕೆ ಗಂಟು ಹಾಕಿ ಸೇರಿಸಿಕೊಳ್ಳಿ. ಆ ಗಂಟಿನ ತುದಿಗಳನ್ನು ಒಳಕ್ಕೆ ತಳ್ಳಿದರೆ ಸಾಕು, ಲಾಡಿ ಟೊಳ್ಳಾಗಿರುವುದರಿಂದ ಅವು ಅದರ ಹೊಟ್ಟೆಯೊಳಗೆ ಸೇರಿಕೊಳ್ಳುತ್ತವೆ, ಹೊರಗೆ ಕಾಣುವುದಿಲ್ಲ. ಹಳೆಯ ಕೆಂಪಿಗೆ ಸರಿಹೊಂದುವ ಕೆಂಪನ್ನು ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯಬೇಡಿ. ಬೇರೆ ಬಣ್ಣವನ್ನೇ ಹಾಕಿ. ನೀವು ಎಲ್ಲಿ ಬಿಟ್ಟಿರಿ, ಎಲ್ಲಿಂದ ಮತ್ತೆ ಹಿಡಿದಿರಿ ಎಂಬುದು ಲಾಡಿಯಲ್ಲೇ ಉಳಿಯಲಿ ಎಂದು ನನಗನ್ನಿಸುತ್ತದೆ.

ಮುಗಿಸುವಾಗ ದಾರವನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಸೂಜಿಗೆ ಪೋಣಿಸಿ, ನಾಲ್ಕೂ ಕುಣಿಕೆಗಳ ಮೂಲಕ ಒಂದೊಂದಾಗಿ ತೂರಿಸಿ, ಮೊಳೆಗಳಿಂದ ಬಿಡಿಸಿ ಬಿಗಿಯಾಗಿ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದೆ.

ಪ್ರಶ್ನೆ: ಈಗ ಹೊಲಿಗೆ ದಾರ ಬರುವುದೆಲ್ಲ ಪ್ಲಾಸ್ಟಿಕ್ ಅಥವಾ ರಟ್ಟಿನ ಕೊಳವೆಯಲ್ಲಿ. ಮರದ ರೀಲು ಎಲ್ಲಿ ಸಿಗುತ್ತದೆ? ನಮ್ಮ ಮನೆಯಲ್ಲಿ ರೇಷ್ಮೆಯ ವ್ಯವಹಾರವಿದೆ, ರೇಷ್ಮೆ ನೂಲಿನಿಂದಲೇ ಹೆಣೆಯಬಹುದೇ?
– ಓದುಗರು, ಶಿಡ್ಲಘಟ್ಟ

ಉತ್ತರ: ಶಿಡ್ಲಘಟ್ಟದವರು ನೂಲು ಸುತ್ತುವ ಸಾಧನಕ್ಕಾಗಿ ಕೋಲಾರದ ನನ್ನನ್ನು ಕೇಳುವುದು, ಮಾಲೂರಿನವರು ಹೆಂಚಿಗಾಗಿ ಪರವೂರಿಗೆ ಪತ್ರ ಬರೆದಂತಾಯಿತು. ನೂಲು ಬಿಚ್ಚುವ, ಹುರಿ ಮಾಡುವ ಹಳೆಯ ಘಟಕಗಳ ಮೂಲೆಯಲ್ಲಿ ಬಿದ್ದಿರುವ ಮರದ ಬಾಬಿನ್ ಒಂದು ಸಿಕ್ಕರೆ, ತೂತು ಒಂದು ಕಿರುಬೆರಳು ಹೋಗುವಷ್ಟಿದ್ದರೆ, ಅದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ.

ಸಿಗದಿದ್ದರೆ ಅರ್ಧ ಅಂಗೈಯಷ್ಟು ಉದ್ದದ ಬಿದಿರಿನ ತುಂಡು ಸಾಕು. ಅದೂ ಇಲ್ಲವೆಂದರೆ ಒಂದಿಂಚಿನ ಪಿವಿಸಿ ಪೈಪಿನ ತುಂಡಿನ ಹೊರಮೈಗೆ ನಾಲ್ಕು ಐಸ್‌ಕ್ರೀಂ ಕಡ್ಡಿಗಳನ್ನು ಸಮ ಅಂತರದಲ್ಲಿ ನಿಲ್ಲಿಸಿ, ಕಡ್ಡಿಯ ತುದಿ ಪೈಪಿನ ಬಾಯಿಗಿಂತ ಅರ್ಧ ಇಂಚು ಮೇಲಿರುವಂತೆ, ಅಂಟುಪಟ್ಟಿಯಿಂದ ಬಿಗಿಯಾಗಿ ಸುತ್ತಿದರೆ ಆಯಿತು. ಇದಕ್ಕೆ ಮೊಳೆಯೂ ಬೇಡ, ಸುತ್ತಿಗೆಯೂ ಬೇಡ. ಲಾಡಿ ಸ್ವಲ್ಪ ದಪ್ಪಗೆ, ಸಡಿಲವಾಗಿ ಬರುತ್ತದೆ, ಅಷ್ಟೇ.

ಮರಕ್ಕೆ ಮೊಳೆ ಹೊಡೆಯುವವರಿಗೆ ನನ್ನದೇ ಅನುಭವದ ಒಂದು ಮಾತು. ನಾನು ಎಂಟು ವರ್ಷದವಳಿದ್ದಾಗ, ಬೀದಿಯ ಕೊನೆಯಲ್ಲಿದ್ದ ಟೈಲರ್ ಅಂಗಡಿಯ ಮುಂದೆ ಮೂರು ದಿನ ನಿಂತು ಸಂಪಾದಿಸಿದ ರೀಲು, ಎರಡನೆಯ ಮೊಳೆಗೇ ಕಡಲೆಬೀಜದಂತೆ ಎರಡು ಹೋಳಾಯಿತು. ಅಳುತ್ತ ಹೋದವಳಿಗೆ ನಮ್ಮ ತಾತ ಬಡಗಿಗಳ ಉಪಾಯವೊಂದನ್ನು ಹೇಳಿಕೊಟ್ಟರು: ಮೊಳೆಯ ಚೂಪು ತುದಿಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇಟು ಹಾಕಿ ಮೊಂಡು ಮಾಡಿಕೊಳ್ಳಬೇಕು. ಚೂಪಾದ ಮೊಳೆ ಮರದ ನಾರನ್ನು ಸೀಳಿಕೊಂಡು ಇಳಿಯುತ್ತದೆ. ಮೊಂಡು ಮೊಳೆ ನಾರನ್ನು ಜಜ್ಜಿಕೊಂಡು ತನ್ನಷ್ಟೇ ಜಾಗ ಮಾಡಿಕೊಳ್ಳುತ್ತದೆ, ಆದ್ದರಿಂದ ಮರ ಸೀಳುವುದು ಕಡಿಮೆ. ಡ್ರಿಲ್ ಇದ್ದವರು ಮೊದಲೇ ಸಣ್ಣ ತೂತು ಕೊರೆದುಕೊಂಡರೆ ಇನ್ನೂ ನಿಶ್ಚಿಂತೆ. ಮೊಳೆಗಳು ಎಳ್ಳಷ್ಟು ಹೊರಕ್ಕೆ ವಾಲಿದ್ದರೆ ಕುಣಿಕೆ ತಾನಾಗಿ ಜಾರುವುದಿಲ್ಲ.

ರೇಷ್ಮೆಯ ವಿಚಾರದಲ್ಲಿ ನನ್ನ ಸಲಹೆ, ಆರಂಭಕ್ಕೆ ಬೇಡ ಎಂದೇ. ಗೂಡುಗಳಿಂದ ಬಿಚ್ಚಿದ ಕಚ್ಚಾ ನೂಲು ಎಷ್ಟು ತೆಳುವೆಂದರೆ, ನಾಲ್ಕು ಮೊಳೆಗೆ ಅದು ತಲೆಗೂದಲು ಸುತ್ತಿದಂತೆ. ಹತ್ತಾರು ಎಳೆಗಳನ್ನು ಕೂಡಿಸಿ ಹುರಿ ಮಾಡಿದರೂ ನುಣುಪಾದ್ದರಿಂದ ಕುಣಿಕೆ ಜಾರುತ್ತದೆ, ಎಳೆದರೆ ಹಿಗ್ಗುವ ಗುಣವೂ ಉಣ್ಣೆಯಷ್ಟಿಲ್ಲ. ಉಲ್ಲನ್ ದಾರದಲ್ಲಿ ಕೈ ಕುದುರಿದ ಮೇಲೆ, ಕುಚ್ಚು ಕಟ್ಟುವವರ ಬಳಿ ಸಿಗುವ ದಪ್ಪನೆಯ ರೇಷ್ಮೆ ದಾರದಲ್ಲಿ ಮೂರು ಮೊಳೆಯ ರೀಲಿನಿಂದ ಹೆಣೆದು ನೋಡಿ. ಜಡೆಗೆ ಕಟ್ಟುವ ಕುಚ್ಚಿನ ಹುರಿಯಾಗಿ ಅದು ಬಹಳ ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ: ಯೂಟ್ಯೂಬ್ ನೋಡಿ ಶುರು ಮಾಡಿದೆ. ನಾಲ್ಕಾರು ಸುತ್ತು ಆಗುವಷ್ಟರಲ್ಲಿ ಕುಣಿಕೆ ಎತ್ತಲಾಗದಷ್ಟು ಬಿಗಿಯಾಗುತ್ತದೆ. ಅಲ್ಲದೆ ಲಾಡಿ ಹಾವಿನಂತೆ ತಿರುಚಿಕೊಳ್ಳುತ್ತದೆ. ನನ್ನ ತಪ್ಪೇನು?
– ಓದುಗರು, ಮುಳಬಾಗಿಲು

ಉತ್ತರ: ದಾರವನ್ನು ಒರಗಿಸುವಾಗ ಎಳೆದು ಹಿಡಿಯುತ್ತಿದ್ದೀರಿ. ಬಲಗೈಯ ತೋರುಬೆರಳಿನ ಮೇಲೆ ದಾರ ಸುಮ್ಮನೆ ಹರಿಯಲಿ. ಅಷ್ಟರಿಂದ ಸರಿಹೋಗದಿದ್ದರೆ, ದಾರವನ್ನು ಮೊಳೆಯ ಹೊರಗೆ ಒರಗಿಸುವ ಬದಲು, ಪ್ರತಿಸಲವೂ ಮೊಳೆಯನ್ನು ಪೂರ್ತಿ ಒಂದು ಸುತ್ತು ಬಳಸಿ ಆಮೇಲೆ ಕೆಳಗಿನ ಕುಣಿಕೆಯನ್ನು ದಾಟಿಸಿ. ಹೀಗೆ ಮಾಡಿದರೆ ಪ್ರತಿ ಕುಣಿಕೆಗೂ ಹೆಚ್ಚು ದಾರ ಸಿಗುವುದರಿಂದ ಹೆಣಿಗೆ ಸಡಿಲವಾಗುತ್ತದೆ. ಆದರೆ ಈ ಕ್ರಮದಲ್ಲಿ ಪ್ರತಿ ಕುಣಿಕೆಯ ಬುಡವೂ ಕತ್ತರಿಯಂತೆ ಅಡ್ಡಹಾಯುತ್ತದೆ. ಎರಡು ಕ್ರಮಗಳನ್ನು ಒಂದೇ ಲಾಡಿಯಲ್ಲಿ ಬೆರೆಸಬೇಡಿ, ಮೈ ಏರುಪೇರಾಗುತ್ತದೆ.

ಸ್ವಲ್ಪ ತಿರುಚುವುದು ಸಹಜ, ನಾಲ್ಕು ಮೊಳೆಗಳನ್ನು ಒಂದೇ ದಿಕ್ಕಿನಲ್ಲಿ ಸುತ್ತುತ್ತ ಹೋಗುವುದರಿಂದ ಲಾಡಿಗೆ ಆ ಸುಳಿ ಬರುತ್ತದೆ. ಕೆಳಗಿನ ಬಾಲಕ್ಕೆ ಬೀಗದ ಕೈಯನ್ನೋ ಬಟ್ಟೆಯ ಕ್ಲಿಪ್ಪನ್ನೋ ತೂಗುಬಿಟ್ಟರೆ ಅದರ ಭಾರಕ್ಕೆ ಬಹುಪಾಲು ನೆಟ್ಟಗಾಗುತ್ತದೆ. ಉಳಿದದ್ದು ಒಮ್ಮೆ ನೆನೆಸಿ ಎಳೆದು ಒಣಗಿಸಿದರೆ ಹೋಗುತ್ತದೆ. ಒಂದು ಕುಣಿಕೆ ಮೊಳೆಯಿಂದ ತಪ್ಪಿದರೆ ಗಾಬರಿಯಿಂದ ಬಾಲವನ್ನು ಜಗ್ಗಬೇಡಿ, ಜಗ್ಗಿದರೆ ಅದು ಏಣಿಯ ಮೆಟ್ಟಿಲಿನಂತೆ ಕೆಳಗೆ ಬಿಚ್ಚುತ್ತ ಹೋಗುತ್ತದೆ. ಹಾಗೆಯೇ ಬಿಟ್ಟು, ಸೂಜಿಯಿಂದ ಎತ್ತಿ ಮೊಳೆಗೆ ಮರಳಿ ಹಾಕಿ.

ಪ್ರಶ್ನೆ: ನನ್ನ ಸೊಸೆ ಎರಡು ಕಡ್ಡಿಯಲ್ಲಿ ಸ್ವೆಟರ್ ಹೆಣೆಯುವವಳು. ರೀಲಿನಲ್ಲಿ ಮಾಡುವುದು ಹೆಣಿಗೆಯೇ ಅಲ್ಲ, ಮಕ್ಕಳು ಜಡೆ ಹಾಕಿದಂತೆ ಎಂದು ವಾದಿಸುತ್ತಾಳೆ. ನೀವೇ ತೀರ್ಪು ಕೊಡಿ.
– ಓದುಗರು, ಬಂಗಾರಪೇಟೆ

ಉತ್ತರ: ಅತ್ತೆ ಸೊಸೆಯರ ನಡುವೆ ತೀರ್ಪು ಕೊಡುವ ಧೈರ್ಯ ನನಗಿಲ್ಲ; ಹೆಣಿಗೆಯ ಬಗ್ಗೆ ಮಾತ್ರ ಹೇಳಬಲ್ಲೆ. ಜಡೆಯಲ್ಲಿ ಮೂರು ಕಾಲುಗಳು ಒಂದನ್ನೊಂದು ಹಾಯುತ್ತವೆ, ಅಲ್ಲಿ ಕುಣಿಕೆ ಇಲ್ಲ. ನೇಯ್ಗೆಯಲ್ಲಿ ಹಾಸು ಒಂದು ಕಡೆ, ಹೊಕ್ಕು ಇನ್ನೊಂದು ಕಡೆ ಓಡಬೇಕು. ಹೆಣಿಗೆಯಲ್ಲಿ ಇರುವುದು ಒಂದೇ ದಾರ. ಅದರ ಒಂದು ಕುಣಿಕೆಯ ಮೂಲಕ ಮತ್ತೊಂದು ಕುಣಿಕೆ ಹಾದು ಬರುತ್ತದೆ. ನಿಮ್ಮ ಸೊಸೆ ಕಡ್ಡಿಯಿಂದ ಹೊಸ ದಾರವನ್ನು ಹಳೆಯ ಕುಣಿಕೆಯ ಒಳಗಿನಿಂದ ಎಳೆದುಕೊಳ್ಳುತ್ತಾರೆ, ರೀಲಿನವರು ಹಳೆಯ ಕುಣಿಕೆಯನ್ನು ಎತ್ತಿ ಹೊಸ ದಾರದ ಆಚೆ ದಾಟಿಸುತ್ತಾರೆ. ಬಾಗಿಲಿನ ಮೂಲಕ ಮನುಷ್ಯ ಹೋದರೂ, ಮನುಷ್ಯನ ತಲೆಯ ಮೇಲಿನಿಂದ ಬಾಗಿಲನ್ನೇ ದಾಟಿಸಿದರೂ, ಕೊನೆಗೆ ಆತ ಇರುವುದು ಬಾಗಿಲಿನ ಆಚೆಯೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೊರಮೈಯಲ್ಲಿ ಅದೇ ಸಾಲು ಸಾಲು ಜಡೆಯಂಥ ಗುರುತು ಕಾಣುತ್ತದೆ. ಆ ಗುರುತನ್ನು ನೋಡಿಯೇ ನಿಮ್ಮ ಸೊಸೆ ಜಡೆ ಎಂದಿರಬಹುದು. ಹಾಗಾದರೆ ಅವರ ಸ್ವೆಟರ್ ಕೂಡ ಜಡೆಯೇ.

ಇನ್ನೊಂದು ಸಾಕ್ಷಿ ನಿಮ್ಮ ಮನೆಯ ಗಂಡಸರ ಬನಿಯನ್ನಿನಲ್ಲಿದೆ. ತಿರುಪ್ಪೂರಿನ ಬನಿಯನ್ ಬಟ್ಟೆ ಯಂತ್ರದಿಂದ ಹೊರಬರುವುದು ಕೊಳವೆಯಾಕಾರದಲ್ಲಿ. ದೊಡ್ಡ ವೃತ್ತದಲ್ಲಿ ನೂರಾರು ಸೂಜಿಗಳು ನಿಂತಿರುತ್ತವೆ, ಪ್ರತಿ ಸೂಜಿಯೂ ತನ್ನ ಹಳೆಯ ಕುಣಿಕೆಯನ್ನು ಹೊಸ ದಾರದ ಮೇಲಿನಿಂದ ಕಳಚಿಹಾಕುತ್ತದೆ, ಬಟ್ಟೆ ನಡುವಿನಿಂದ ಕೆಳಗಿಳಿಯುತ್ತದೆ. ನಮ್ಮ ನಾಲ್ಕು ಮೊಳೆಯ ರೀಲು ಮಾಡುವುದೂ ಇದನ್ನೇ. ಯಂತ್ರದಲ್ಲಿ ಹೆಣೆಯುವ ಕೆಲಸ ಆರಂಭವಾದದ್ದು ಇಂಗ್ಲೆಂಡಿನ ವಿಲಿಯಂ ಲೀ ಎಂಬಾತ 1589ರಲ್ಲಿ ಕಾಲುಚೀಲ ಹೆಣೆಯುವ ಚೌಕಟ್ಟನ್ನು ಕಂಡುಹಿಡಿದಾಗ; ಅದು ಹೆಣೆಯುತ್ತಿದ್ದದ್ದು ಚಪ್ಪಟೆ ಬಟ್ಟೆಯನ್ನು. ದುಂಡಗೆ ಹೆಣೆಯುವ ಯಂತ್ರಕ್ಕೆ ಮಾರ್ಕ್ ಬ್ರುನೆಲ್ ಎಂಬ ಎಂಜಿನಿಯರ್ ಪೇಟೆಂಟ್ ಪಡೆದದ್ದು 1816ರಲ್ಲಿ.

ಕಡ್ಡಿಯವರೂ ಈ ಲಾಡಿಯನ್ನು ದೂರವಿಟ್ಟಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಎಲಿಜಬೆತ್ ಜಿಮರ್‌ಮನ್ ಎಂಬ ಹೆಸರಾಂತ ಹೆಣಿಗೆಗಾರ್ತಿ, ಎರಡೂ ತುದಿ ಚೂಪಾದ ಕಡ್ಡಿಯಲ್ಲಿ ಮೂರು ನಾಲ್ಕು ಕುಣಿಕೆಗಳನ್ನಿಟ್ಟುಕೊಂಡು, ಕಡ್ಡಿಯನ್ನು ಹಿಂದಿರುಗಿಸದೆ ಒಂದೇ ಕಡೆಯಿಂದ ಹೆಣೆಯುತ್ತ ಹೋಗಿ ಇಂಥದೇ ಲಾಡಿಯನ್ನು ಮಾಡುವ ಕ್ರಮವನ್ನು ‘ಐ-ಕಾರ್ಡ್’ ಎಂಬ ಹೆಸರಿನಿಂದ ಜನಪ್ರಿಯಗೊಳಿಸಿದರು. ಅಲ್ಲಿ ‘ಕಾರ್ಡ್’ ಎಂದರೆ ಹುರಿ, ‘ಐ’ ಎಂದರೆ ‘ಈಡಿಯಟ್’, ದಡ್ಡರೂ ಮಾಡಬಹುದಾದದ್ದು ಎಂಬ ತಮಾಷೆ. ಈ ಕೊನೆಯ ವಾಕ್ಯವನ್ನು ನಿಮ್ಮ ಸೊಸೆಗೆ ಓದಿಹೇಳದಿರುವುದು ಮನೆಯ ಶಾಂತಿಗೆ ಒಳ್ಳೆಯದು.

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮೂರು, ನಾಲ್ಕನೆಯ ತರಗತಿಯ ಮಕ್ಕಳಿಗೆ ಶನಿವಾರ ಇದನ್ನು ಕಲಿಸಬೇಕೆಂದಿದ್ದೇನೆ. ಆ ವಯಸ್ಸಿಗೆ ಸರಿಯೇ? ಹುಡುಗರು ಮಾಡುತ್ತಾರೆಯೇ? ಪೋಷಕರೊಬ್ಬರು ಪಾಠ ಬಿಟ್ಟು ಇದೇಕೆ ಎಂದು ಈಗಲೇ ಕೇಳಿದ್ದಾರೆ.
– ಶಿಕ್ಷಕಿಯೊಬ್ಬರು, ಚಿಂತಾಮಣಿ ತಾಲ್ಲೂಕು

ಉತ್ತರ: ಮೇಡಂ, ನಾನೂ ಶಾಲೆಯಲ್ಲಿ ಕ್ರಾಫ್ಟ್ ಪೀರಿಯಡ್ ನಡೆಸಿ ನಿವೃತ್ತಳಾದವಳು, ಆದ್ದರಿಂದ ಕೊನೆಯ ಪ್ರಶ್ನೆ ನನಗೆ ಹೊಸದಲ್ಲ. ಗಾಂಧೀಜಿಯವರು 1937ರ ವಾರ್ಧಾ ಸಮ್ಮೇಳನದಲ್ಲಿ ಕೈಕೆಲಸವನ್ನೇ ಪಾಠದ ನಡುಗಂಬವಾಗಿಸುವ ಮೂಲಶಿಕ್ಷಣವನ್ನು ಮುಂದಿಟ್ಟಾಗಲೂ ಈ ಆಕ್ಷೇಪವಿತ್ತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯ ಶಿಫಾರಸಿನಿಂದ ಬಂದ ಎಸ್‌ಯುಪಿಡಬ್ಲ್ಯೂ (ಸಮಾಜಕ್ಕೆ ಉಪಯುಕ್ತವಾದ ಉತ್ಪಾದಕ ಕೆಲಸ) ಎಂಬ ಉದ್ದ ಹೆಸರಿನ ಪೀರಿಯಡ್ಡನ್ನು ಗಣಿತದ ಮೇಷ್ಟರು ಪರೀಕ್ಷೆ ಹತ್ತಿರವಾದಾಗಲೆಲ್ಲ ಎರವಲು ಪಡೆಯುತ್ತಿದ್ದರು, ಹಿಂತಿರುಗಿಸಿದ್ದು ನನಗೆ ನೆನಪಿಲ್ಲ. ಪೋಷಕರಿಗೆ ಹೇಳಿ: ನಾಲ್ಕು ಮೊಳೆ, ಇಪ್ಪತ್ತೈದು ಸುತ್ತು, ನೂರು ಕುಣಿಕೆ, ಮಕ್ಕಳು ನಾಲ್ಕರ ಮಗ್ಗಿಯನ್ನು ಬಾಯಿಪಾಠವಿಲ್ಲದೆ ಕಲಿಯುತ್ತಾರೆ. ಮಗ್ಗವಿಲ್ಲದೆ ಮಗ್ಗಿ ಎಂದು ನಾನು ನನ್ನ ತರಗತಿಯಲ್ಲಿ ಹೇಳುತ್ತಿದ್ದೆ.

ವಯಸ್ಸು ಸರಿಯಾಗಿದೆ. ಆರು ಏಳು ವರ್ಷ ತುಂಬಿದ ಮಗು, ಒಮ್ಮೆ ಕೈಹಿಡಿದು ತೋರಿಸಿದರೆ, ತಾನೇ ಮಾಡಿಕೊಳ್ಳುತ್ತದೆ. ಇದನ್ನು ನಾನು ಎರಡು ಕಡ್ಡಿಯ ಹೆಣಿಗೆಗಿಂತ ಮೊದಲು ಕಲಿಸಬೇಕೆನ್ನುವುದು ಒಂದೇ ಕಾರಣಕ್ಕೆ: ಕಡ್ಡಿಯಲ್ಲಿ ತಪ್ಪಿದ ಕುಣಿಕೆ ಎಲ್ಲಿ ಹೋಯಿತೆಂದು ಮಗುವಿಗೆ ಕಾಣುವುದಿಲ್ಲ, ರೀಲಿನಲ್ಲಿ ನಾಲ್ಕೇ ಮೊಳೆ, ಯಾವುದು ಬೋಳಾಗಿದೆಯೋ ಅಲ್ಲಿ ತಪ್ಪು. ತನ್ನ ತಪ್ಪನ್ನು ಟೀಚರನ್ನು ಕೇಳದೆ ಕಂಡುಕೊಳ್ಳುವ ಮಗುವಿಗೆ ಬರುವ ಮುಖಕಳೆಯನ್ನು ನೀವೇ ನೋಡುವಿರಿ. ಎಡಗೈ ಮಕ್ಕಳಿಗೆ ರೀಲನ್ನು ಬಲಗೈಗೆ ಕೊಟ್ಟು, ಸುತ್ತುವ ದಿಕ್ಕನ್ನು ತಿರುಗಿಸಿಬಿಡಿ, ಕೈ ಬದಲಿಸಲು ಒತ್ತಾಯಿಸಬೇಡಿ.

ಹುಡುಗರು ಮಾಡುತ್ತಾರೆ, ಅದರಲ್ಲೂ ಮೊಳೆ ಹೊಡೆಯುವ ಕೆಲಸವನ್ನು ಅವರಿಗೂ ಹುಡುಗಿಯರಿಗೂ ಸಮನಾಗಿ ಹಂಚಿದರೆ. ನನ್ನ ತರಗತಿಯಲ್ಲಿ ಅತ್ಯಂತ ಉದ್ದದ ಲಾಡಿ ಹೆಣೆದವನು ಹುಡುಗ; ಅದನ್ನು ಅವನು ತನ್ನ ಮನೆಯ ಕುರಿಮರಿಗೆ ಹಗ್ಗವಾಗಿ ಕಟ್ಟಿದ, ಕುರಿಮರಿ ಅದನ್ನು ಅರ್ಧ ತಿಂದಿತು.

ಎಚ್ಚರಿಕೆಗಳು ಎರಡು. ದಬ್ಬಣದ ತುದಿ ಮೊಂಡಾಗಿರಲಿ, ಇಲ್ಲವೆ ಪ್ಲಾಸ್ಟಿಕ್ ಕ್ರೋಶಾ ಕಡ್ಡಿಯನ್ನು ಕೊಡಿ. ಮುಗಿದ ಲಾಡಿಯನ್ನು ಮಕ್ಕಳು ಕುತ್ತಿಗೆಗೆ ಸುತ್ತಿಕೊಂಡು ಆಟವಾಡದಂತೆ ನೋಡಿಕೊಳ್ಳಿ. ದಾರಕ್ಕೆ ಹಣ ಕೇಳಬೇಕಾಗಿಲ್ಲ. ಹರಿದ ಸ್ವೆಟರ್, ಮಫ್ಲರ್‌ಗಳನ್ನು ತರಲು ಹೇಳಿ, ಬಿಚ್ಚಿ, ಉಂಡೆ ಸುತ್ತಿಸಿ. ಬಿಚ್ಚಿದ ಉಲ್ಲನ್ ಗುಂಗುರಾಗಿಯೇ ಇರುತ್ತದೆ, ಅದನ್ನು ಲಡಿ ಕಟ್ಟಿ ನೀರಿನಲ್ಲಿ ನೆನೆಸಿ ತೂಗುಹಾಕಿದರೆ ನೆಟ್ಟಗಾಗುತ್ತದೆ.

ಪ್ರಶ್ನೆ: ಮೊಮ್ಮಗಳು ಹತ್ತು ಮೊಳ ಲಾಡಿ ಹೆಣೆದು ಕೂತಿದ್ದಾಳೆ. ‘ಅಜ್ಜಿ, ಇದರಿಂದ ಏನು ಮಾಡೋದು?’ ಅಂತ ಕೇಳುತ್ತಾಳೆ. ಬಿಸಿ ಪಾತ್ರೆ ಇಡುವ ಮ್ಯಾಟ್ ಮಾಡಬಹುದು ಎಂದಿದ್ದೇನೆ. ಸರಿಯೇ?
– ಓದುಗರು, ಕೋಲಾರ

ಉತ್ತರ: ‘ಏನು ಮಾಡೋದು’ ಎಂಬುದು ಈ ಕೆಲಸದಷ್ಟೇ ಹಳೆಯ ಪ್ರಶ್ನೆ, ಏಕೆಂದರೆ ಮಕ್ಕಳು ಲಾಡಿ ಬೇಕೆಂದು ಹೆಣೆಯುವುದಿಲ್ಲ, ಹೆಣೆಯಬೇಕೆಂದು ಹೆಣೆಯುತ್ತಾರೆ. ಆದರೂ ಹತ್ತು ಮೊಳ ಕಡಿಮೆಯೇನಲ್ಲ. ಲಂಗದ ಲಾಡಿ, ಚೀಲದ ಬಾಯಿಗೆ ಕಟ್ಟುವ ದಾರ, ಬೀಗದ ಕೈ ಗೊಂಚಲಿನ ಹಿಡಿ ಇವೆಲ್ಲ ನೇರವಾಗಿ ಆಗುತ್ತವೆ. ಟೊಳ್ಳಿನೊಳಗೆ ತೆಳ್ಳನೆಯ ತಂತಿಯನ್ನು ತೂರಿಸಿದರೆ ಲಾಡಿ ಬಗ್ಗಿಸಿದಂತೆ ನಿಲ್ಲುತ್ತದೆ, ಆಗ ಮೊಮ್ಮಗಳ ಹೆಸರನ್ನೇ ಬರೆಯಬಹುದು. ನಮ್ಮ ಕನ್ನಡದ ಅಕ್ಷರಗಳು ದುಂಡಗಿರುವುದರಿಂದ ಈ ಲಾಡಿಗೆ ಹೇಳಿ ಮಾಡಿಸಿದಂತಿವೆ. ತಲಕಟ್ಟಿಗೆ ಮಾತ್ರ ಬೇರೆ ತುಂಡು ಬೇಕಾಗುತ್ತದೆ.

ಮ್ಯಾಟ್ ಮಾಡುವುದಾದರೆ, ಕೊಡ ಹೊರಲು ಸಿಂಬೆ ಸುತ್ತುವಂತೆ ಲಾಡಿಯನ್ನು ಸುತ್ತಬೇಕು, ಆದರೆ ಮೇಲೆ ಮೇಲೆ ಅಲ್ಲ, ಚಕ್ಕುಲಿಯ ಹಿಟ್ಟನ್ನು ತಟ್ಟೆಯಲ್ಲಿ ಸುರುಳಿ ಸುತ್ತಿದ ಹಾಗೆ ಚಪ್ಪಟೆಯಾಗಿ. ಒಂದೊಂದು ಸುತ್ತನ್ನೂ ಹಿಂದಿನ ಸುತ್ತಿಗೆ ಅಡಿಭಾಗದಿಂದ ಹೊಲಿಯುತ್ತ ಬನ್ನಿ. ಹೊಲಿಗೆಯನ್ನು ಬಿಗಿಯಾಗಿ ಎಳೆದರೆ ಮ್ಯಾಟ್ ಬಟ್ಟಲಿನಂತೆ ಮುದುಡುತ್ತದೆ, ಹೊರಸುತ್ತಿನ ಲಾಡಿಯನ್ನು ಸಡಿಲವಾಗಿ ಹೆಚ್ಚು ಕೊಟ್ಟರೆ ಅಂಚು ಅಲೆಯಂತೆ ಏಳುತ್ತದೆ. ಮೇಜಿನ ಮೇಲೆ ಮಲಗಿಸಿಕೊಂಡೇ ಹೊಲಿದರೆ ಎರಡೂ ತಪ್ಪುತ್ತವೆ.

ಎಷ್ಟು ಲಾಡಿ ಬೇಕೆಂಬ ಲೆಕ್ಕ ಹಲವರನ್ನು ಮೋಸಗೊಳಿಸುತ್ತದೆ. ಲಾಡಿಯ ದಪ್ಪ 8 ಮಿಲಿಮೀಟರ್ ಇದ್ದರೆ, ಲೋಟ ಇಡುವ 12 ಸೆಂಟಿಮೀಟರ್ ಅಗಲದ ಮ್ಯಾಟಿಗೆ ಸುಮಾರು 1.4 ಮೀಟರ್, ಎಂದರೆ ಮೂರು ಮೊಳ ಸಾಕು. ಅದರ ಎರಡರಷ್ಟು ಅಗಲದ, 24 ಸೆಂಟಿಮೀಟರಿನ ಮ್ಯಾಟಿಗೆ ಎರಡರಷ್ಟಲ್ಲ, ನಾಲ್ಕರಷ್ಟು, ಸುಮಾರು 5.6 ಮೀಟರ್ ಬೇಕು. ಆದ್ದರಿಂದ ಹತ್ತು ಮೊಳದಲ್ಲಿ ಮೂರು ಚಿಕ್ಕ ಮ್ಯಾಟ್ ಆಗುತ್ತವೆ, ದೊಡ್ಡದು ಒಂದೂ ಆಗುವುದಿಲ್ಲ. ದಾರದ ಲೆಕ್ಕ ಬೇಕಾದವರಿಗೆ ಹೇಳುವುದಾದರೆ, ನನ್ನ ರೀಲಿನಲ್ಲಿ ಒಂದು ಅಡಿ ಲಾಡಿಗೆ ಹೆಚ್ಚು ಕಡಿಮೆ 12 ಅಡಿ ಉಲ್ಲನ್ ಹಿಡಿಯುತ್ತದೆ. ಮೊಳೆಗಳ ಅಂತರ ಮತ್ತು ಕೈಯ ಬಿಗಿ ಬದಲಾದಂತೆ ಇದೂ ಬದಲಾಗುತ್ತದೆ.

ಇನ್ನು ಬಿಸಿ ಪಾತ್ರೆಯ ವಿಷಯ. ದಯವಿಟ್ಟು ಇಲ್ಲಿ ಸ್ವಲ್ಪ ತಡೆಯಿರಿ. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಸಿಗುವ ದಾರದಲ್ಲಿ ಬಹಳಷ್ಟು ಅಕ್ರಿಲಿಕ್, ಅದರಲ್ಲಿ ಕುರಿಯ ಕೂದಲು ಒಂದೂ ಇರುವುದಿಲ್ಲ. ಒಲೆಯಿಂದ ಇಳಿಸಿದ ಸಾರಿನ ಪಾತ್ರೆಯನ್ನು ಅದರ ಮೇಲಿಟ್ಟರೆ ಮ್ಯಾಟ್ ಮೆತ್ತಗಾಗಿ ಪಾತ್ರೆಯ ತಳಕ್ಕೂ ಮೇಜಿಗೂ ಅಂಟಿಕೊಳ್ಳಬಹುದು. ಮೊಮ್ಮಗಳು ಹೆಣೆದಿರುವುದು ಯಾವುದೆಂದು ತಿಳಿಯಲು, ಒಂದು ಗೇಣು ದಾರವನ್ನು ಇಕ್ಕಳದಲ್ಲಿ ಹಿಡಿದು, ನೀರಿನ ತೊಟ್ಟಿಯ ಬಳಿ, ನೀವೇ ಬೆಂಕಿಕಡ್ಡಿ ಗೀರಿ ತಾಗಿಸಿ ನೋಡಿ. ಅಸಲು ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತೆಗೆದೊಡನೆ ತಾನೇ ಆರಿ, ಬೆರಳಿಗೆ ಪುಡಿಯಾಗುವ ಕರಿ ಉಳಿಯುತ್ತದೆ. ಹತ್ತಿಯಾದರೆ ಕಾಗದ ಸುಟ್ಟಂತೆ ಉರಿದು ಬೂದಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ, ಆರಿದ ಮೇಲೆ ಗಟ್ಟಿಯಾದ ಕಪ್ಪು ಮಣಿಯಂತೆ ನಿಲ್ಲುತ್ತದೆ. ಹಾಗಾದಲ್ಲಿ ಆ ಮೂರು ಮ್ಯಾಟುಗಳ ಮೇಲೆ ತಣ್ಣನೆಯ ನೀರಿನ ಲೋಟಗಳನ್ನು ಇಡಿ, ಸಾರಿನ ಪಾತ್ರೆಗೆ ದಪ್ಪ ಹತ್ತಿ ದಾರದಲ್ಲಿ ಇನ್ನೊಂದನ್ನು ಶುರು ಮಾಡಿಸಿ.